ಮರಿ ಹದ್ದಿನ ಬೆನ್ನಿಗೆ ಟ್ರಾನ್ಸ್‌ಮಿಟರ್ ಬೇಕಾ? ಪರ – ವಿರೋಧ

ಅಮೆರಿಕದ ‘ಬೋಳು ಹದ್ದು’ ಬೋಳಲ್ಲ. ಅದರ ತಲೆ ತುಂಬ ಗರಿಗಳಿವೆ, ಎಲ್ಲವೂ ಅಚ್ಚ ಬಿಳಿ. ಇಂಗ್ಲಿಷಿನ ಆ ಪದಕ್ಕೆ ಹಿಂದೆ ಬಿಳುಪು ಎಂಬ ಅರ್ಥವೂ ಇತ್ತು. ನಾವು ಅದನ್ನು ಬೋಳು ಅಂತ ಮಾಡಿಬಿಟ್ಟೆವು ಅಷ್ಟೇ. ಇಲ್ಲಿ ಬಿಳಿತಲೆ ಹದ್ದು ಎಂದೇ ಕರೆಯುತ್ತೇನೆ.

ಆದರೆ ಆ ಬಿಳಿ ತಲೆ ಹುಟ್ಟುತ್ತಲೇ ಬರುವುದಿಲ್ಲ, ಐದನೇ ವರ್ಷದ ಹೊತ್ತಿಗೆ ಬರುತ್ತದೆ. ಅಲ್ಲಿಯವರೆಗೆ ಮೈಯೆಲ್ಲ ಕಂದು. ನಮ್ಮ ಗರುಡನ ಮರಿಯೂ ಹಾಗೇ ಅಲ್ವಾ? ಕಂದು ಬಣ್ಣ ನೋಡಿ ಯಾವುದೋ ಹದ್ದು ಎಂದುಕೊಂಡು ಕೈಮುಗಿಯದೆ ಮುಂದೆ ಹೋಗುತ್ತೇವೆ. ಗೂಡು ಬಿಟ್ಟ ಮೇಲೆ, ತಲೆ ಬೆಳ್ಳಗಾಗಿ ಸಂಸಾರ ಹೂಡುವ ತನಕ ಈ ಹಕ್ಕಿ ಎಲ್ಲಿ ಅಲೆಯುತ್ತದೆ, ಏನು ತಿನ್ನುತ್ತದೆ, ಎಲ್ಲಿ ಸಾಯುತ್ತದೆ? ಅದನ್ನು ತಿಳಿಯಲು ಮರಿ ಗೂಡಿನಲ್ಲಿರುವಾಗಲೇ ಅದರ ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟುತ್ತಾರೆ. ಹಕ್ಕಿ ಎಲ್ಲಿದೆ ಎಂದು ಸಿಗ್ನಲ್ ಕಳಿಸುವ ಪುಟ್ಟ ಪೆಟ್ಟಿಗೆ ಅದು.

ಕಟ್ಟಬೇಕೇ, ಬೇಡವೇ? ಈ ಜಗಳ ಕನ್ನಡದವರಿಗೂ ಹೊಸದಲ್ಲ. ನಾಗರಹೊಳೆಯಲ್ಲಿ 1990ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸತೊಡಗಿದ ಮೇಲೆ ಇಲ್ಲೂ ದೊಡ್ಡ ಗಲಾಟೆಯಾಗಿತ್ತು. ಇಲ್ಲಿ ಎರಡೂ ಕಡೆ ನಿಂತು ಬರೆದಿದ್ದೇನೆ. ಮನಸ್ಸು ಯಾವ ಕಡೆ ವಾಲಿದೆ ಎಂಬುದು ಓದುವಾಗ ತಾನಾಗಿ ಗೊತ್ತಾಗುತ್ತದೆ ಬಿಡಿ.

ಪರ: ಉಂಗುರ ಹೇಳುವುದು ಎರಡೇ ಮಾತು

1939ರಲ್ಲಿ ಚಾರ್ಲ್ಸ್ ಬ್ರೋಲಿ ಎಂಬುವರು ಫ್ಲಾರಿಡಾದ ಎತ್ತರದ ಮರಗಳನ್ನು ಹತ್ತಲು ಶುರುಮಾಡಿದರು. ಕೆನಡಾದ ವಿನ್ನಿಪೆಗ್‌ನಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು. ವಯಸ್ಸು ಅರವತ್ತರ ಹತ್ತಿರ. ನಮ್ಮಲ್ಲಾದರೆ ಬೆಳಿಗ್ಗೆ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ ಕಾಫಿ ಕುಡಿಯುವ ವಯಸ್ಸು. ಇವರು ಹಗ್ಗದ ಏಣಿ ಎಸೆದು, ಗೂಡಿಗೆ ಹತ್ತಿ, ಮರಿಗಳ ಕಾಲಿಗೆ ಉಂಗುರ ತೊಡಿಸುತ್ತಿದ್ದರು. ಒಟ್ಟು 1,200ಕ್ಕೂ ಹೆಚ್ಚು ಮರಿಗಳಿಗೆ ತೊಡಿಸಿದರು. ಹಕ್ಕಿಗಳು ಚಳಿಗೆ ದಕ್ಷಿಣಕ್ಕೆ ಹೋಗುವುದು ಎಲ್ಲರಿಗೂ ಗೊತ್ತಿತ್ತು. ಫ್ಲಾರಿಡಾದ ಈ ಮರಿಗಳು ಮಾತ್ರ ಸೆಕೆ ಬಂದೊಡನೆ ಉತ್ತರಕ್ಕೆ, ಕೆನಡಾದವರೆಗೂ ಹೋಗುತ್ತವೆ ಎಂಬುದು ಬೆಳಕಿಗೆ ಬಂದದ್ದು ಆ ಉಂಗುರಗಳಿಂದ.

ಸರಿ, ಹಾಗಾದರೆ ಉಂಗುರವೇ ಸಾಕಲ್ಲ? ಸಾಲದು. ಉಂಗುರ ಹೇಳುವುದು ಎರಡೇ ಮಾತು: ಎಲ್ಲಿ ತೊಡಿಸಿದರು, ಎಲ್ಲಿ ಸಿಕ್ಕಿತು. ನಡುವಿನ ದಾರಿ ಖಾಲಿ. ಅದೂ ಯಾರಾದರೂ ಸತ್ತ ಹಕ್ಕಿಯನ್ನು ಕಂಡು, ಬಗ್ಗಿ ನಂಬರ್ ಓದಿ, ತಿಳಿಸಿದರೆ ಮಾತ್ರ. ಕಾಡಿನಲ್ಲಿ ಸತ್ತದ್ದನ್ನು ಯಾರು ನೋಡುತ್ತಾರೆ? ರಸ್ತೆ ಬದಿಯಲ್ಲಿ ಸತ್ತದ್ದು ಲೆಕ್ಕಕ್ಕೆ ಬರುತ್ತದೆ, ಜೌಗಿನಲ್ಲಿ ಸತ್ತದ್ದು ಬರುವುದಿಲ್ಲ. ಕೊನೆಗೆ ರಸ್ತೆಯೇ ದೊಡ್ಡ ಕೊಲೆಗಾರ ಎಂದು ಕಾಣುತ್ತದೆ.

1997ರಿಂದ 2001ರವರೆಗೆ ಅದೇ ಫ್ಲಾರಿಡಾದಲ್ಲಿ 69 ಎಳೆಯ ಹದ್ದುಗಳ ಜಾಡನ್ನು ಸ್ಯಾಟಲೈಟ್ ಮೂಲಕ ಹಿಡಿದರು. ಬ್ರೋಲಿ ಚುಕ್ಕಿಯಿಟ್ಟ ಕಡೆ ಇವರಿಗೆ ಗೆರೆಯೇ ಸಿಕ್ಕಿತು. ಯಾವ ದಾರಿ ಹಿಡಿಯುತ್ತವೆ, ಚೆಸಪೀಕ್ ಕೊಲ್ಲಿಯಂಥ ಜಾಗದಲ್ಲಿ ಹೇಗೆ ತಂಗುತ್ತವೆ, ಯಾವಾಗ ಹುಟ್ಟೂರಿಗೆ ವಾಪಸ್ಸಾಗುತ್ತವೆ ಎಂಬುದೆಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ತಿಳಿಯಿತು. ಆ ಹೊತ್ತಿಗೆ ಹದ್ದುಗಳು ಊರಂಚಿನ ಬಡಾವಣೆಗಳಲ್ಲೂ ಗೂಡು ಕಟ್ಟತೊಡಗಿದ್ದವು. ಮನೆ ಹಿಂದಿನ ಮರದಲ್ಲಿ ಗೂಡು, ತುಂಬ ಮರಿಗಳು, ಎಲ್ಲರಿಗೂ ಖುಷಿ. ಗೂಡು ಎಣಿಸಿದವರ ಲೆಕ್ಕದಲ್ಲಿ ಬಡಾವಣೆಯ ಜೋಡಿ ಹಳ್ಳಿಗಾಡಿನ ಜೋಡಿಗಿಂತ ಹಿಂದೆ ಬಿದ್ದಿರಲಿಲ್ಲ. ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ ಬೇರೆಯೇ ಕಥೆ. ಗೂಡು ಬಿಟ್ಟ ಮೊದಲ ವರ್ಷದಲ್ಲಿ ಬಡಾವಣೆಯ ಮರಿಗಳು ಹಳ್ಳಿಗಾಡಿನ ಮರಿಗಳಿಗಿಂತ ಜಾಸ್ತಿ ಸಾಯುತ್ತಿದ್ದವು. ಕರೆಂಟ್ ತಂತಿ, ವಾಹನ, ಹೀಗೆ ನಮ್ಮದೇ ಕಾರಣಗಳು. ಮರದ ಕೆಳಗೆ ಬೈನಾಕ್ಯುಲರ್ ಹಿಡಿದು ವರ್ಷವಿಡೀ ನಿಂತರೂ ಇದು ಕಾಣುತ್ತಿರಲಿಲ್ಲ. ನನ್ನ ಮಟ್ಟಿಗೆ ಇಡೀ ವಾದಕ್ಕೆ ಇದೊಂದೇ ಸಾಕು.

ಸೇನೆಯ ಜಾಗದಲ್ಲೂ ಹೀಗೇ. ಮೇರಿಲ್ಯಾಂಡ್‌ನ ಅಬರ್ಡೀನ್ ಎಂಬಲ್ಲಿ ಅಮೆರಿಕ ಸೇನೆಯ ದೊಡ್ಡ ಪರೀಕ್ಷಾ ಮೈದಾನವಿದೆ, ಚೆಸಪೀಕ್ ಕೊಲ್ಲಿಯ ದಡದಲ್ಲಿ. ಅಲ್ಲಿ ಹದ್ದುಗಳು ವಿದ್ಯುತ್ ತಂತಿಗೆ ಸಿಕ್ಕಿ ಸಾಯುತ್ತಿದ್ದವು. ಅವು ಎಲ್ಲಿ ಗುಂಪಾಗಿ ರಾತ್ರಿ ಕಳೆಯುತ್ತವೆ, ಯಾವ ಕಡೆಯಿಂದ ಯಾವ ಕಡೆಗೆ ಹಾರುತ್ತವೆ ಎಂಬುದನ್ನು ಟ್ರಾನ್ಸ್‌ಮಿಟರ್ ತೋರಿಸಿತು. ಯಾವ ಕಂಬಕ್ಕೆ ಮೊದಲು ಕೈ ಹಾಕಬೇಕು ಎನ್ನುವವನಿಗೆ ಇಂಥ ನಕ್ಷೆ ಬೇಕೇ ಬೇಕು.

ಹಕ್ಕಿಗೆ ಭಾರವಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ದೇಹದ ತೂಕದ 3%ಗಿಂತ ಜಾಸ್ತಿ ಹೊರಿಸಬಾರದು ಎಂಬ ಲೆಕ್ಕ ಈ ಕೆಲಸದಲ್ಲಿ ಹಿಂದಿನಿಂದ ಇದೆ. ಹದ್ದಿನ ಬೆನ್ನ ಮೇಲಿನ ಪೆಟ್ಟಿಗೆ 70 ಗ್ರಾಂ ಆಸುಪಾಸಿನದು, ಮೇಲೆ ಪುಟ್ಟ ಸೋಲಾರ್ ಫಲಕ. ನಾಲ್ಕು ಕಿಲೋ ಹಕ್ಕಿಗೆ ಅದು 2% ಕೂಡ ಆಗುವುದಿಲ್ಲ. ನಮ್ಮ ಮಕ್ಕಳ ಸ್ಕೂಲ್ ಬ್ಯಾಗಿನ ಲೆಕ್ಕ ತೆಗೆದರೆ ಹದ್ದೇ ಪುಣ್ಯವಂತ. ಪಟ್ಟಿ ಟೆಫ್ಲಾನ್‌ನದು, ಜಾರುತ್ತದೆ, ಗರಿ ತರಚುವುದು ಕಡಿಮೆ. ಕೂಡುವ ಜಾಗದಲ್ಲಿ ಹತ್ತಿಯ ದಾರದಿಂದ ಹೊಲಿದರೆ ಕೆಲವು ವರ್ಷಕ್ಕೆ ದಾರ ಲಡ್ಡಾಗಿ ಇಡೀ ಸಾಮಾನು ತಾನಾಗಿ ಬೀಳುತ್ತದೆ. ಸ್ಪೇನ್‌ನ ದೊನ್ಯಾನಾದಲ್ಲಿ ಕರಿ ಹದ್ದುಗಳನ್ನು, ಅಂದರೆ ನಮ್ಮೂರ ಆಕಾಶದಲ್ಲಿ ಸುತ್ತುವ ಅದೇ ಜಾತಿಯನ್ನು, ವರ್ಷಗಟ್ಟಲೆ ಗಮನಿಸಿದವರು 2015ರಲ್ಲಿ ವರದಿ ಕೊಟ್ಟರು. ಟ್ಯಾಗ್, ಅಂದರೆ ಇಂಥ ಪೆಟ್ಟಿಗೆ, ಇದ್ದವಕ್ಕೂ ಇಲ್ಲದವಕ್ಕೂ ಬದುಕಿನಲ್ಲಾಗಲಿ ಮರಿ ಮಾಡುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

ಸ್ಕಾಟ್‌ಲೆಂಡ್‌ನ ಮಾತು ಬಿಟ್ಟರೆ ತಪ್ಪಾಗುತ್ತದೆ. ಅಲ್ಲಿ 2004ರಿಂದ 2016ರವರೆಗೆ 131 ಎಳೆಯ ಚಿನ್ನದ ಹದ್ದುಗಳಿಗೆ ಟ್ಯಾಗ್ ಕಟ್ಟಿದ್ದರು. ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಅನುಮಾನ ಬರುವ ರೀತಿಯಲ್ಲಿ ಮಾಯವಾದವು. ಅದೂ ಬೇಟೆಗಾಗಿ ಗ್ರೌಸ್ ಹಕ್ಕಿ ಸಾಕುವ ಕೆಲವು ಬಯಲುಗಳ ಸುತ್ತಮುತ್ತ. ಟ್ಯಾಗ್ ಇಲ್ಲದಿದ್ದರೆ ಅವು ಕೊಲೆಯಾದವು ಎಂಬ ಅನುಮಾನವೂ ಯಾರಿಗೂ ಬರುತ್ತಿರಲಿಲ್ಲ. ಮೊಬೈಲ್ ಇದ್ದಕ್ಕಿದ್ದಂತೆ ಸ್ವಿಚ್ ಆಫ್ ಆದರೆ ಮನೆಯವರಿಗೆ ಗಾಬರಿಯಾಗುವುದಿಲ್ಲವೇ, ಹಾಗೆ.

ಇನ್ನು ದುಡ್ಡಿನ ಮಾತು. ಹೌದು, ಖರ್ಚಿದೆ. 2019ರಲ್ಲಿ ರಷ್ಯಾದ ವಿಜ್ಞಾನಿಗಳ ಹುಲ್ಲುಗಾವಲು ಹದ್ದುಗಳು ಎಸ್ಸೆಮ್ಮೆಸ್ ಕಳಿಸುವ ಟ್ರಾನ್ಸ್‌ಮಿಟರ್ ಹೊತ್ತು ಹಾರಿದವು. ಬೇಸಿಗೆಯೆಲ್ಲ ಕಝಾಕಸ್ತಾನದಲ್ಲಿ ಸಿಗ್ನಲ್ ಸಿಗದ ಕಡೆ ಇದ್ದು, ಆಮೇಲೆ ಇರಾನ್‌ಗೆ ಹೋಗಿ, ಕೂಡಿಟ್ಟ ಮೆಸೇಜೆಲ್ಲ ಒಟ್ಟಿಗೆ ಕಳಿಸಿದವು. ರೋಮಿಂಗ್ ಬಿಲ್ ನೋಡಿ ವಿಜ್ಞಾನಿಗಳು ಕಂಗಾಲು. ಆಗ ಜನ ‘ಹದ್ದಿಗೆ ರೀಚಾರ್ಜ್’ ಮಾಡಲು ದುಡ್ಡು ಹಾಕಿದರು, ಕೊನೆಗೆ ಮೊಬೈಲ್ ಕಂಪನಿಯೂ ಬಿಲ್ ಬಿಟ್ಟುಕೊಟ್ಟಿತು. ಯಾವತ್ತೂ ಕಣ್ಣಿಂದ ನೋಡದ ಹಕ್ಕಿಗೆ ಜನ ಜೇಬಿಗೆ ಕೈ ಹಾಕಿದ್ದು ಅದು ಎಲ್ಲಿದೆ ಎಂದು ಗೊತ್ತಿದ್ದದ್ದರಿಂದ.

ವಿರೋಧ: ಗೊತ್ತಿರುವುದಕ್ಕೇ ಏನು ಮಾಡಿದ್ದೇವೆ?

ಬ್ರೋಲಿಯ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದು ಸರಿಯಲ್ಲ. ಉಳಿದರ್ಧ ನಾನು ಹೇಳುತ್ತೇನೆ.

1940ರ ದಶಕದ ಕೊನೆಗೆ ಅವರ ಗೂಡುಗಳಲ್ಲಿ ಮರಿಗಳು ಕಡಿಮೆಯಾಗತೊಡಗಿದವು. ವರ್ಷ ವರ್ಷ ಅದೇ ಮರ ಹತ್ತುತ್ತಿದ್ದವರಿಗೆ ಅದು ಬೇಗ ತಿಳಿಯಿತು. ಉಂಗುರ ತೊಡಿಸಲು ಮರಿಯೇ ಇಲ್ಲ! ಇದಕ್ಕೆ ಡಿಡಿಟಿ ಎಂಬ ಕೀಟನಾಶಕ ಕಾರಣವಿರಬೇಕು ಎಂದು ಅನುಮಾನಪಟ್ಟ ಮೊದಲಿಗರಲ್ಲಿ ಅವರೂ ಒಬ್ಬರು. ವಿಷ ಮೀನಿನಿಂದ ಹದ್ದಿಗೆ ಬಂದು, ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆದುಹೋಗುತ್ತಿತ್ತು. 1963ರಲ್ಲಿ ಅಲಾಸ್ಕಾ ಬಿಟ್ಟು ಇಡೀ ಅಮೆರಿಕದಲ್ಲಿ ಉಳಿದದ್ದು 417 ಜೋಡಿ. 1972ರಲ್ಲಿ ಡಿಡಿಟಿ ನಿಷೇಧವಾಯಿತು. 2007ರಲ್ಲಿ ಹದ್ದನ್ನು ಅಳಿವಿನ ಪಟ್ಟಿಯಿಂದ ತೆಗೆದರು. 2021ರಲ್ಲಿ ಸರ್ಕಾರ ಕೊಟ್ಟ ಲೆಕ್ಕದಲ್ಲಿ, ಆಗಲೂ ಅಲಾಸ್ಕಾ ಬಿಟ್ಟು, 71,467 ಜೋಡಿಗಳಿದ್ದವು, ಒಟ್ಟು ಹಕ್ಕಿಗಳು 3,16,700.

ಈ ಬದುಕನ್ನು ಅವಕ್ಕೆ ವಾಪಸ್ ಕೊಟ್ಟದ್ದು ಯಾವುದು? ಮರ ಹತ್ತಿದ ಒಬ್ಬ ಮುದುಕ, ಅವರ ನೋಟ್‌ಬುಕ್, ಅಂಥ ನೂರಾರು ಜನರ ಕಣ್ಣು, ಮತ್ತೆ ಒಂದು ನಿಷೇಧ. ಬೆನ್ನ ಮೇಲಿನ ಪೆಟ್ಟಿಗೆ ಆಮೇಲೆ ಬಂತು.

ಮರಿಗೆ ಟ್ಯಾಗ್ ಕಟ್ಟುವ ದಿನ ಏನಾಗುತ್ತದೆ ನೋಡಿ. ಮರಿಗೆ ಎಂಟು-ಒಂಬತ್ತು ವಾರ. ಅದಕ್ಕೂ ಮೊದಲು ಕಟ್ಟಿದರೆ ಮೈ ಬೆಳೆದ ಹಾಗೆ ಪಟ್ಟಿ ಬಿಗಿಯುತ್ತದೆ. ತಡವಾದರೆ ಮನುಷ್ಯನನ್ನು ಕಂಡು, ಹಾರಲು ಬರದಿದ್ದರೂ ಗೂಡಿನಿಂದ ಜಿಗಿದುಬಿಡುತ್ತದೆ. ಈ ಸಣ್ಣ ಕಿಂಡಿಯಲ್ಲಿ ಯಾರೋ ಹತ್ತಿ, ಚೀಲಕ್ಕೆ ಹಾಕಿ, ಕೆಳಗಿಳಿಸಿ, ಕಣ್ಣಿಗೆ ಟೋಪಿ ಮುಚ್ಚಿ, ಬೆನ್ನಿಗೆ ಪಟ್ಟಿ ಬಿಗಿದು, ಮತ್ತೆ ಮೇಲೆ ಬಿಡುತ್ತಾರೆ. ಅಪ್ಪ ಅಮ್ಮ ಮೇಲೆ ಸುತ್ತುತ್ತಾ ಕಿರುಚುತ್ತಿರುತ್ತವೆ. ನುರಿತವರು ಮಾಡಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಮರಿ ಹಾರುವುದನ್ನು ಕಲಿಯುವುದೇ ಆ ಪೆಟ್ಟಿಗೆಯ ಜೊತೆ. ಅದಿಲ್ಲದ ಬೆನ್ನು ಹೇಗಿರುತ್ತದೆ ಎಂದು ಅದಕ್ಕೆ ಗೊತ್ತೇ ಇರುವುದಿಲ್ಲ.

ದೊನ್ಯಾನಾದ ಕರಿ ಹದ್ದುಗಳಿಗೆ ಏನೂ ಆಗಲಿಲ್ಲ, ಸರಿ. ಅಮೆರಿಕದ ಪ್ರೇರಿ ಡೇಗೆ ಎಂಬ ಬೇಟೆಹಕ್ಕಿಗಳ ಮೇಲೆ 2006ರಲ್ಲಿ ಬಂದ ಅಧ್ಯಯನ ಬೇರೆ ಹೇಳುತ್ತದೆ. ಟ್ಯಾಗ್ ಕಳಚಿ ಬಿದ್ದ ಹಕ್ಕಿಗಳು ಟ್ಯಾಗ್ ಹೊತ್ತವಕ್ಕಿಂತ ಜಾಸ್ತಿ ಬದುಕಿದವು. ಡೇಗೆ ಚಿಕ್ಕದು, ಹದ್ದು ದೊಡ್ಡದು, ನಿಜ. ಆದರೆ ಒಂದು ಜಾತಿಯಲ್ಲಿ ತೊಂದರೆ ಇಲ್ಲ ಅಂದರೆ ಇನ್ನೊಂದರಲ್ಲೂ ಇಲ್ಲ ಅಂತಲ್ಲ. 2023ರ ಮಳೆಗಾಲದಲ್ಲಿ ಕುನೋದ ಚೀತಾಗಳಿಗೆ ಆದದ್ದನ್ನು ನಾವೇ ಓದಿದ್ದೇವೆ. ಕಾಲರ್ ಅಡಿಯಲ್ಲಿ ಗಾಯವಾಗಿ ಹುಳು ಬಿದ್ದಿತ್ತು. ಆಫ್ರಿಕಾದ ಒಣ ಹವೆಯಲ್ಲಿ ನಡೆದದ್ದು ಮಧ್ಯಪ್ರದೇಶದ ಮಳೆಯಲ್ಲಿ ನಡೆಯಲಿಲ್ಲ.

ಬಡಾವಣೆಯ ಮರಿಗಳ ಮಾತು ನನ್ನನ್ನೂ ತಟ್ಟಿತು. ಅದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ಕೊಡುವುದೂ ಇಲ್ಲ. ಆ 69 ಹಕ್ಕಿಗಳಿಂದ ಕಲಿತದ್ದು ದೊಡ್ಡದು. ನನ್ನ ಪ್ರಶ್ನೆ ಎಪ್ಪತ್ತನೆಯದರ ಬಗ್ಗೆ. ತಂತಿ ಕೊಲ್ಲುತ್ತದೆ, ಕಾರು ಕೊಲ್ಲುತ್ತದೆ ಎಂದು ಕಾಲು ಶತಮಾನದ ಹಿಂದೆಯೇ ಗೊತ್ತಾಗಿದೆ. ಇವತ್ತು ಇನ್ನೊಂದು ಮರಿಗೆ ಟ್ಯಾಗ್ ಕಟ್ಟಿ ಅದೂ ತಂತಿಗೆ ಸಿಕ್ಕಿತು ಎಂದು ಬರೆದುಕೊಂಡರೆ ಹೊಸದೇನು ಬಂತು?

ಸೀಸದ ಕಥೆ ಇದಕ್ಕೆ ಸಾಕ್ಷಿ. ಬೇಟೆಗಾರರು ಜಿಂಕೆ ಹೊಡೆದು ಕರುಳನ್ನು ಕಾಡಲ್ಲೇ ಬಿಟ್ಟು ಹೋಗುತ್ತಾರೆ. ಅದರಲ್ಲಿ ಗುಂಡಿನ ಸೀಸದ ಚೂರುಗಳಿರುತ್ತವೆ. ಹದ್ದು ತಿನ್ನುತ್ತದೆ, ವಿಷವೇರುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿತು, ಬಿಳಿತಲೆ ಮತ್ತು ಚಿನ್ನದ ಹದ್ದು ಎರಡನ್ನೂ. ಹೆಚ್ಚುಕಡಿಮೆ ಅರ್ಧದಷ್ಟರ ಮೂಳೆಯಲ್ಲಿ ಬಹುಕಾಲದ ಸೀಸದ ವಿಷ ಸಿಕ್ಕಿತು. ಇದನ್ನು ತಿಳಿಯಲು ಟ್ರಾನ್ಸ್‌ಮಿಟರ್ ಬೇಕಾಗಲಿಲ್ಲ, ರಕ್ತ ಮತ್ತೆ ಮೂಳೆ ಸಾಕಾಯಿತು. ಸೀಸದ ಅಪಾಯ ಸರ್ಕಾರಕ್ಕೆ ಅದಕ್ಕಿಂತ ಮೊದಲೇ ಗೊತ್ತಿತ್ತು. 2017ರ ಜನವರಿಯಲ್ಲಿ ಒಬಾಮಾ ಸರ್ಕಾರ ಇಳಿಯುವ ಹಿಂದಿನ ದಿನ ವನ್ಯಜೀವಿ ಇಲಾಖೆ ತನ್ನ ಅಭಯಾರಣ್ಯಗಳಲ್ಲಿ ಸೀಸದ ಗುಂಡನ್ನು ಹಂತಹಂತವಾಗಿ ನಿಲ್ಲಿಸುವ ಆದೇಶ ಹೊರಡಿಸಿತು. ಮಾರ್ಚ್‌ನಲ್ಲಿ ಹೊಸ ಸಚಿವ ರಯಾನ್ ಝಿಂಕಿ ಅಧಿಕಾರ ವಹಿಸಿಕೊಂಡವರೇ ಆ ಆದೇಶವನ್ನು ರದ್ದು ಮಾಡಿದರು. ಮಾಹಿತಿ ಕಡಿಮೆಯಿತ್ತೇ?

ಮಾಹಿತಿ ಬೇರೆ ಕೆಲಸಕ್ಕೂ ಹೋಗುತ್ತದೆ. ಗಾಳಿಯಂತ್ರ, ವಿದ್ಯುತ್ ಕಂಪನಿಗಳ ಕೆಲಸದಲ್ಲಿ ಉದ್ದೇಶವಿಲ್ಲದೆ ಇಷ್ಟು ಹದ್ದು ಸಾಯಬಹುದು ಎಂದು ಪರವಾನಗಿ ಕೊಡುವ ವ್ಯವಸ್ಥೆ ಅಮೆರಿಕದಲ್ಲಿ 2009ರಲ್ಲಿ ಬಂತು. 2016ರ ನಿಯಮದಲ್ಲಿ ಅದರ ಅವಧಿ 30 ವರ್ಷದವರೆಗೆ ಹಿಗ್ಗಿತು. ಎಷ್ಟು ಸತ್ತರೆ ಒಟ್ಟು ಸಂಖ್ಯೆಗೆ ಪೆಟ್ಟಾಗುವುದಿಲ್ಲ ಎಂದು ಲೆಕ್ಕ ಹಾಕಲು ಟ್ಯಾಗ್ ಹೊತ್ತ ಹದ್ದುಗಳ ಸಾವು-ಬದುಕಿನ ಅಂಕಿ ಬಳಕೆಯಾಗುತ್ತದೆ. ಗಾಳಿಯಂತ್ರ ಬೇಡ ಎನ್ನುತ್ತಿಲ್ಲ, ನಮ್ಮ ಚಿತ್ರದುರ್ಗದ ಗುಡ್ಡಗಳಲ್ಲೂ ಅವು ತಿರುಗುತ್ತಿವೆ. ಆದರೆ ಹಕ್ಕಿಯನ್ನು ಕಾಪಾಡಲು ಕಟ್ಟಿದ್ದೇವೆ ಎಂದು ಹೇಳುವಾಗ ಇದನ್ನೂ ಹೇಳಬೇಕಲ್ಲ?

ಕಳ್ಳರ ಕೈಗೂ ಮಾಹಿತಿ ಹೋಗಬಹುದು. 2013ರಲ್ಲಿ ಮಧ್ಯಪ್ರದೇಶದ ಪನ್ನಾ ಕಾಡಿನ ಒಂದು ಹುಲಿಯ ಜಿಪಿಎಸ್ ಮಾಹಿತಿ ಬರುತ್ತಿದ್ದ ಈಮೇಲ್‌ಗೆ ಯಾರೋ ನುಗ್ಗಲು ನೋಡಿದ್ದು ಸುದ್ದಿಯಾಗಿತ್ತು.

ಸ್ಕಾಟ್‌ಲೆಂಡ್‌ನಲ್ಲಿ ಕೊಲೆ ನಡೆಯುತ್ತಿತ್ತು, ಅದು ಕಾಣುತ್ತಿರಲಿಲ್ಲ. ಅಲ್ಲಿ ಟ್ಯಾಗ್ ಕಟ್ಟಿದ್ದು ಸರಿ. ಕ್ಯಾಲಿಫೋರ್ನಿಯಾದ ಚಾನೆಲ್ ದ್ವೀಪಗಳಲ್ಲೂ ಸರಿ. ಡಿಡಿಟಿಯಿಂದ ಹದ್ದೇ ಇಲ್ಲವಾಗಿದ್ದ ಸಾಂಟಾ ಕ್ರೂಜ್ ದ್ವೀಪಕ್ಕೆ 2002ರಿಂದ 2006ರವರೆಗೆ 61 ಮರಿಗಳನ್ನು ತಂದು ಬಿಟ್ಟರು. ತಂದುಬಿಟ್ಟ ಮರಿ ಎಲ್ಲಿ ಹೋಯಿತು ಎಂದು ನೋಡಲೇಬೇಕು. ಅಂಥ ಒಂದು ನಿರ್ದಿಷ್ಟ ಪ್ರಶ್ನೆ ಇದ್ದಾಗ ಕಟ್ಟಿ. ಅಂಗಳದ ಗೂಡಿನಲ್ಲಿ ಚೆನ್ನಾಗಿ ಬೆಳೆಯುತ್ತಿರುವ ಮರಿಗೆ ಒಂದು ಹೆಸರಿಟ್ಟು, ಪೆಟ್ಟಿಗೆ ಕಟ್ಟಿ, ಸಂಜೆ ಧಾರಾವಾಹಿ ನೋಡುವ ಹಾಗೆ ನಕ್ಷೆ ನೋಡುವುದು ನನಗೆ ಹಿಡಿಸದು.

ಉಂಗುರ ಎರಡೇ ಮಾತು ಹೇಳುತ್ತದೆ ಎಂದಿರಿ. 2015ರ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಹೆನ್ರಿಯೆಟಾ ಎಂಬಲ್ಲಿ ರಸ್ತೆ ಮೇಲೆ ಒಂದು ಹದ್ದು ಕಾರಿಗೆ ಸಿಕ್ಕಿ ಸತ್ತಿತು. ಕಾಲಿನ ಉಂಗುರ ಓದಿದರು. 1977ರದು. ಹದ್ದುಗಳು ಬರಿದಾಗಿದ್ದ ನ್ಯೂಯಾರ್ಕ್‌ಗೆ ಮಿನೆಸೋಟಾದಿಂದ ಮರಿಯಾಗಿದ್ದಾಗ ತಂದು ಬಿಟ್ಟಿದ್ದ ಹಕ್ಕಿ. ಹೆಮ್ಲಾಕ್ ಎಂಬ ಸರೋವರದ ಬಳಿ ಗೂಡು ಕಟ್ಟಿ ವರ್ಷಗಟ್ಟಲೆ ಸಂಸಾರ ಮಾಡಿತ್ತು. 38 ವರ್ಷ ಬದುಕಿತ್ತು, ಆವರೆಗೆ ಗೊತ್ತಿದ್ದ ಬಿಳಿತಲೆ ಹದ್ದುಗಳಲ್ಲೆಲ್ಲ ಜಾಸ್ತಿ. ಸತ್ತಾಗ ಅದರ ಪಕ್ಕದಲ್ಲಿ ಅದು ತಿನ್ನುತ್ತಿದ್ದ ಮೊಲ ಬಿದ್ದಿತ್ತು. ಬೆನ್ನ ಮೇಲೆ ಏನೂ ಇರಲಿಲ್ಲ.