ಇಪ್ಪತ್ತೆಂಟು ತೂತಿನ ಸಂಸಾರ

ಬಲಗೈ ತೋರುಬೆರಳಿನ ಉಗುರು ಅರ್ಧಕ್ಕೆ ಕಿತ್ತು ಬಂದಿದೆ. ಹುಣಸೆಹಣ್ಣು ಕಿವುಚಿದರೆ ಜೀವ ಹೋಗುತ್ತೆ. ಎಲ್ಲಿ ಆಯ್ತು ಅಂತ ಕೇಳಿದರೆ, 1471ರ ಮೇ 4ರಂದು ಇಂಗ್ಲೆಂಡಿನ ಟ್ಯೂಕ್ಸ್‌ಬರಿಯಲ್ಲಿ ನಡೆದ ಯುದ್ಧದಲ್ಲಿ ಅನ್ನಬೇಕು.

ಆ ಯುದ್ಧವನ್ನು ಅಲ್ಲಿ ಜುಲೈನಲ್ಲಿ ಮತ್ತೆ ಆಡಿ ತೋರಿಸುತ್ತಾರೆ. ಪ್ರತಿ ಸಲವೂ ಯಾರ್ಕ್ ಕಡೆಯ ರಾಜ ನಾಲ್ಕನೇ ಎಡ್ವರ್ಡ್ ಗೆಲ್ಲುತ್ತಾನೆ. ಲ್ಯಾಂಕಾಸ್ಟರ್ ಕಡೆಯವರು ಸೋಲುತ್ತಾರೆ. ಇಷ್ಟು ಗೊತ್ತಿದ್ದೂ ನಮ್ಮ ಯಜಮಾನರು ಸೇರಿದ್ದು ಲ್ಯಾಂಕಾಸ್ಟರ್ ಕಡೆಗೇ. ವಾರವೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು, ಶನಿವಾರ ಸಾಯೋಕೆ ಹೋಗುತ್ತಾರೆ. ಬಿಡ್ತು ಅನ್ನಿ.

ಸಾಯುವುದಕ್ಕೆ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಅವರ ಬ್ರೇಸರ್ ಬಗ್ಗೆ. ಮುಂಗೈಗೆ ಸುತ್ತಿಕೊಳ್ಳುವ ದಪ್ಪ ತೊಗಲಿನ ಪಟ್ಟಿ ಅದು. ಮಣಿಕಟ್ಟಿನಿಂದ ಮೊಣಕೈವರೆಗೆ ಬರುತ್ತೆ. ಅಂಚಿಗೆ ಒಂದೊಂದು ಕಡೆ ಏಳು ತೂತು, ಶೂ ಲೇಸ್ ಥರ ತೊಗಲಿನ ದಾರ. ಕೈ ಎರಡು, ಒಟ್ಟು ಇಪ್ಪತ್ತೆಂಟು ತೂತು. ಇದನ್ನು ಹಾಕಿಕೊಳ್ಳುವವನು ತಾನೇ ಕಟ್ಟಿಕೊಳ್ಳೋಕೆ ಆಗಲ್ಲ. ಒಂದು ಕೈಯಲ್ಲಿ ಗಂಟು ಹಾಕೋದು ಹೇಗೆ? ಹಲ್ಲಲ್ಲಿ ಎಳೆದು ನೋಡಿದರು, ಅರ್ಧ ಗಂಟೆ ಬಾಯಿ ಕಹಿ ಅಂತ ಉಗುಳಿದರು. ಆಮೇಲೆ ಆ ಕೆಲಸ ನನ್ನ ತಲೆಗೆ ಬಂತು.

ಹಾಗಾಗಿ ಮೊನ್ನೆ ಬೆಳಗ್ಗೆ ಒದ್ದೆ ಹುಲ್ಲಿನ ಮೇಲೆ ನಾನು ಬಳೆಗಾರ್ತಿ, ಅವರು ಸೀಮಂತಕ್ಕೆ ಕೂತ ಹೆಣ್ಣುಮಗಳು. ಕೈ ಚಾಚಿ, ಮುಖ ಆ ಕಡೆ ತಿರುಗಿಸಿ ಕೂತಿದ್ದರು.

"ಸ್ವಲ್ಪ ಬಿಗಿ ಮಾಡೇ."

ಬಿಗಿ ಮಾಡಿದೆ.

"ಅಯ್ಯೋ, ರಕ್ತ ಓಡ್ತಾ ಇಲ್ಲ ಕಣೇ."

ಏಳೂ ಜೊತೆ ಸಡಿಲಿಸಿದೆ.

"ಈಗ ಜಾರುತ್ತೆ ನೋಡು."

ಬಲಗೈ ಮುಗಿಸಿ ಎಡಗೈಗೆ ಬರುವಷ್ಟರಲ್ಲಿ ಉಗುರು ಹೋಗಿತ್ತು. ಎರಡೂ ಕಟ್ಟಿ ಉಸಿರು ಬಿಟ್ಟೆ. ಆಗ ಯಜಮಾನರು ಮೆಲ್ಲಗೆ, "ಕಾರಿನ ಕೀ ಪ್ಯಾಂಟ್ ಜೇಬಲ್ಲೇ ಉಳೀತು. ಮತ್ತೆ... ಟಾಯ್ಲೆಟ್ಟಿಗೂ ಹೋಗಬೇಕಿತ್ತು" ಅಂದರು. ಆ ಕಾಲದ ಉಡುಪಿನಲ್ಲಿ ಸೊಂಟದ ಹತ್ತಿರವೂ ಬರೀ ಗಂಟುಗಳೇ. ಅದನ್ನು ಬಿಡಿಸಿಕೊಟ್ಟವರು ಯಾರು ಅಂತ ಬೇರೆ ಹೇಳಬೇಕಾ?

ವಾಪಸ್ ಬಂದು ಎಲ್ಲ ಸರಿಮಾಡಿಕೊಂಡು ನಿಂತರು. ಅಷ್ಟರಲ್ಲಿ ಗುಂಪಿನ ವೇಷ ತಪಾಸಣೆಯವರು ಬಂದರು. ಕೈಗಡಿಯಾರ, ಸ್ಪೋರ್ಟ್ಸ್ ಶೂ, ಜಿಪ್ಪು, ಹೀಗೆ ಆ ಕಾಲದ್ದಲ್ಲದ್ದನ್ನು ಹಿಡಿಯುವುದೇ ಅವರ ಕೆಲಸ. ನಮ್ಮವರ ಕೈ ನೋಡಿ ನಕ್ಕರು. ಎರಡೂ ಕೈಗೆ ಇಷ್ಟುದ್ದದ ತೊಗಲು ಕಟ್ಟಿಕೊಳ್ಳೋದು ಸಿನಿಮಾದವರಂತೆ. ಬಿಲ್ಲುಗಾರರಿಗೆ ಬೇಕಾಗಿದ್ದು ಒಂದೇ ಕೈಗೆ, ಬಿಲ್ಲು ಹಿಡಿಯುವ ಕೈಯ ಒಳಮಗ್ಗುಲಿಗೆ, ಬಿಲ್ಲಿನ ಹೆದೆ ಬಡಿಯದ ಹಾಗೆ. ಅದೂ ಚಿಕ್ಕದು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಮೇರಿ ರೋಸ್ ಹಡಗಿನಲ್ಲಿ ಸಿಕ್ಕವು ಪೋರ್ಟ್ಸ್‌ಮತ್ ಮ್ಯೂಸಿಯಂನಲ್ಲಿವೆ, ಹೋಗಿ ನೋಡಿ ಅಂದರು. ಕೊನೆಗೆ, "ಅಂದಹಾಗೆ, ನೀವು ಬಿಲ್ಲುಗಾರರೂ ಅಲ್ಲವಲ್ಲ?"

ಅಲ್ಲ. ಉದ್ದ ಕೋಲಿನ ಆಯುಧ ಹಿಡಿಯುವವರು.

ಬಿಚ್ಚಬೇಕಾಯಿತಾ? ಇಲ್ಲ. ಪದರು ಪದರಾಗಿ ಹೊಲಿದ ದಪ್ಪ ಅಂಗಿಯ ತೋಳನ್ನು ಅದರ ಮೇಲೆ ಎಳೆದುಕೊಂಡರು. ಯಾರಿಗೂ ಕಾಣಲಿಲ್ಲ. ಯಾರಿಗೂ ಕಾಣದ ವಸ್ತುವಿಗೆ ನನ್ನ ಉಗುರು ಹೋಯಿತು. ಯುದ್ಧ ಶುರುವಾಗಿ ಹತ್ತೇ ನಿಮಿಷಕ್ಕೆ ಯಜಮಾನರು ನೆರಳಿರೋ ಜಾಗ ನೋಡಿಕೊಂಡು ಸತ್ತರು.

ಮಧ್ಯಾಹ್ನ ಮಳೆ ಹೊಡೆಯಿತು. ದಾರ ನೆನೆದು ಗಂಟು ಕಲ್ಲಾಯಿತು. ಕತ್ತರಿ ಅಂದರೆ ಮಗುವಿನ ಕೈಯಿಂದ ಆಟದ ಸಾಮಾನು ಕಿತ್ತುಕೊಂಡ ಹಾಗೆ ಕೂಗಿದರು. ಬ್ರೇಸರ್ ಸಮೇತ ಚಿತ್ರಾನ್ನ ತಿಂದು, ಬ್ರೇಸರ್ ಸಮೇತ ಮನೆಗೆ ಬಂದರು. ರಾತ್ರಿ ಫೋರ್ಕಿನ ತುದಿಯಲ್ಲಿ ಒಂದೊಂದೇ ಗಂಟು ಕೆದಕಿ ಬಿಡಿಸಿ, ಊಟದ ಮೇಜಿನ ಮೇಲೆ ಒಣಗಲು ಇಟ್ಟೆ. ಅದೇ ಹೊತ್ತಿಗೆ ಊರಿಂದ ಅತ್ತೆಯ ವಿಡಿಯೋ ಕಾಲ್.

"ಏನಮ್ಮಾ ಅದು, ಊಟದ ಮೇಜಿನ ಮೇಲೆ ಚಪ್ಪಲಿ?"

ನಿಮ್ಮ ಮಗನದ್ದು ಅಂದೆ. ಅವರು ಮಾತು ಬದಲಿಸಿದರು.

ಇವರ ಮುಂಗೈ ತುಂಬಾ ದಾರದ ಗುರುತು ಕೆಂಪಗೆ ಮೂಡಿತ್ತು, ರಂಗೋಲಿ ಎಳೆದ ಹಾಗೆ. ನೋಡಿದ ತಕ್ಷಣ ಅಪ್ಪ ನೆನಪಾದರು. ನಮ್ಮೂರ ಜಾತ್ರೆಯಲ್ಲಿ ಭೀಮನ ಪಾತ್ರ ಮಾಡಿ, ಬೆಳಗಿನ ಜಾವ ಬಣ್ಣದ ಮುಖದಲ್ಲೇ ಮನೆಗೆ ಬರುತ್ತಿದ್ದರು. ಬಾಡಿಗೆ ಡ್ರೆಸ್ಸಿನ ಭುಜಕೀರ್ತಿ ಕಟ್ಟಿದ ಜಾಗದಲ್ಲಿ ಇಂಥದೇ ಗೀರು. ಅಮ್ಮ ಬೈದುಕೊಳ್ಳುತ್ತಲೇ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆದು, ಅದೇ ಕೈಯಲ್ಲಿ ತೋಳನ್ನೂ ತಿಕ್ಕುತ್ತಿದ್ದಳು. ಅಪ್ಪ ಅಷ್ಟರಲ್ಲಿ ಗೊರಕೆ.

ಎದ್ದು ಹೋಗಿ ಊರಿಂದ ತಂದ ಕೊಬ್ಬರಿ ಎಣ್ಣೆ ತಂದೆ. ಅಂಗೈಗೆ ಹಾಕಿಕೊಂಡು ಅವರ ಕೈ ಹಿಡಿದೆ.

"ಅಯ್ಯೋ, ನನಗಲ್ಲ ಕಣೇ," ಅಂದರು ಮೇಜಿನ ಕಡೆ ತೋರಿಸುತ್ತಾ. "ಅದಕ್ಕೆ ಹಚ್ಚು. ಒಣಗಿದರೆ ಸೀಳು ಬಿಡುತ್ತೆ."