ಗಾಳಿ ಊದುವುದಲ್ಲ, ಕರಗಿಸುವುದು

ಗಾಳಿಗುಳ್ಳೆಗಳಿಂದ ಕೊಳೆಯನ್ನು ತೇಲಿಸಿ ನೀರು ಶುದ್ಧೀಕರಿಸುವ ವಿಧಾನದ (ಡಿಸಾಲ್ವ್ಡ್ ಏರ್ ಫ್ಲೋಟೇಶನ್) ಬಗ್ಗೆ ನಿಮ್ಮ ಲೇಖನ ಇಷ್ಟವಾಯಿತು. ಆದರೆ ತೊಟ್ಟಿಯ ತಳದಿಂದ ಗಾಳಿ ಊದಿ ಕೊಳೆಯನ್ನು ತೇಲಿಸುತ್ತಾರೆ ಎಂದು ಬರೆದಿದ್ದೀರಿ. ಮುಖ್ಯ ವಿಷಯ ಅಲ್ಲೇ ತಪ್ಪಿಹೋಗಿದೆ. ಸುಮ್ನೆ ಊದಿದರೆ ಬರುವುದು ದೊಡ್ಡ ಗುಳ್ಳೆಗಳು. ಅವು ಸರ್ರನೆ ಮೇಲೇರುತ್ತವೆ, ಆಲಂ (ಪಟಿಕ) ಹಾಕಿ ಕೂಡಿಸಿದ ಮೆತ್ತನೆಯ ಕೊಳೆಗಂಟುಗಳನ್ನೇ ಒಡೆದುಬಿಡುತ್ತವೆ.

ಇಲ್ಲಿ ನಡೆಯುವುದು ಬೇರೆ. ತಿಳಿಯಾದ ನೀರಿನಲ್ಲೇ ಸುಮಾರು ಶೇ. 10ರಷ್ಟನ್ನು ವಾಪಸ್ ತಂದು, 4ರಿಂದ 6 ಬಾರ್ (1 ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡದಲ್ಲಿ ಅದರೊಳಗೆ ಗಾಳಿ ಕರಗಿಸುತ್ತಾರೆ. ಆ ನೀರು ನಾಜಲ್ ದಾಟಿ ತೊಟ್ಟಿಗೆ ಬಂದಾಗ ಒತ್ತಡ ಥಟ್ಟನೆ ಇಳಿಯುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ. ಕರಗಿದ್ದ ಗಾಳಿ 10ರಿಂದ 100 ಮೈಕ್ರಾನ್ (1 ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಗುಳ್ಳೆಗಳಾಗಿ ಹೊರಬರುತ್ತದೆ, ನೀರೆಲ್ಲ ಬೆಳ್ಳಗೆ ಕಾಣುತ್ತದೆ. ಈ ಸಣ್ಣ ಗುಳ್ಳೆಗಳು ಗಂಟಿಗೆ ಅಂಟಿಕೊಂಡು ಅದನ್ನು ಒಡೆಯದೆ ಮೇಲಕ್ಕೆ ಒಯ್ಯುತ್ತವೆ. ಮೇಲೆ ಸೇರಿದ ಕೆಸರಿನ ಪದರವನ್ನು ಕೆರೆದು ತೆಗೆಯುತ್ತಾರೆ, ತಿಳಿನೀರು ಕೆಳಗಿನಿಂದ ಹೋಗುತ್ತದೆ.

ಪಾಚಿ ಜಾಸ್ತಿ ಇರುವ ನೀರಿಗೆ ಇದು ತುಂಬಾ ಒಳ್ಳೆಯ ವಿಧಾನ. ಪಾಚಿ ಹಗುರ, ಸುಲಭವಾಗಿ ತಳಕ್ಕೆ ಇಳಿಯುವುದಿಲ್ಲ ಅಲ್ವಾ? ಆದರೆ ಪ್ರವಾಹದ ಮಣ್ಣುನೀರಿಗೆ ಇದನ್ನೊಂದೇ ನಂಬಬಾರದು. ಭಾರವಾದ ಮಣ್ಣು, ಮರಳನ್ನು ಗುಳ್ಳೆ ಎತ್ತಲಾರದು. ಅದನ್ನು ಮೊದಲೇ ತಳಕ್ಕೆ ಇಳಿಸಬೇಕು. ಇದನ್ನೂ ದಯವಿಟ್ಟು ಲೇಖನಕ್ಕೆ ಸೇರಿಸಿ.