ರಾತ್ರಿ ಒಂಬತ್ತಕ್ಕೆ ಯಾವ ಬಿಸಿಲು ಸ್ವಾಮಿ?

ಮೂರು ತಿಂಗಳು ಈ ಕಾರ್ ಸ್ಟೀರಿಯೋ ನನ್ನ ಪ್ರಾಣ ಹಿಂಡಿತು. ಹೊಸದು ಹಾಕಿಸಿ ಒಂದು ತಿಂಗಳು ಆಗಿತ್ತಷ್ಟೇ, ಶುರುವಾಯಿತು. ಹೊರಟ ಮೇಲೆ ಸ್ವಲ್ಪ ದೂರ ಚೆನ್ನಾಗಿಯೇ ಹಾಡುತ್ತದೆ. ಹಳ್ಳ ಸಿಕ್ಕಾಗೆಲ್ಲ ದನಿ ಕತ್ತರಿಸಿದ ಹಾಗೆ ಆಗುತ್ತದೆ. ಇಪ್ಪತ್ತು ನಿಮಿಷ ಆದರೆ ಪೂರ್ತಿ ಬಂದ್. ಪರದೆ ಉರಿಯುತ್ತಲೇ ಇರುತ್ತದೆ, ಹಾಡಿನ ಸೆಕೆಂಡುಗಳು ಓಡುತ್ತಲೇ ಇರುತ್ತವೆ, ಸದ್ದು ಮಾತ್ರ ಇಲ್ಲ. ಅಂಚಿಗೆ ಬೆರಳಿಟ್ಟರೆ ಇಸ್ತ್ರಿ ಪೆಟ್ಟಿಗೆ. ಆಫ್ ಮಾಡಿ ಆರಲು ಬಿಟ್ಟರೆ, ಏನೂ ಆಗೇ ಇಲ್ಲ ಅನ್ನೋ ಥರ ಮತ್ತೆ ಹಾಡು!

ಹಾಕಿಕೊಟ್ಟವನ ಹತ್ತಿರ ಹೋದೆ. "ಬಿಸಿಲು ಸಾರ್, ಬಿಸಿ ಆಗೇ ಆಗುತ್ತೆ" ಅಂದ. ರಾತ್ರಿ ಒಂಬತ್ತಕ್ಕೂ ಹೀಗೇ ಆಗುತ್ತಲ್ಲಪ್ಪ ಅಂದರೆ ಉತ್ತರ ಇಲ್ಲ. ಎರಡನೇ ಸಲ ಹೋದಾಗ ನಾನು ವಾಲ್ಯೂಮ್ ಜಾಸ್ತಿ ಇಡ್ತೀನಂತೆ. ನಾನು ಇಡೋದು 8. ಪಕ್ಕದವರು ನಿಟ್ಟುಸಿರು ಬಿಟ್ಟರೂ ಕೇಳಿಸುತ್ತೆ. ಮೂರನೇ ಸಲ ಅವನೇ ಡ್ರೈವರ್ ಬಾಗಿಲು ತೆಗೆದು, ಸೀಟಿನ ಅಂಚಿಗೆ ಕೂತು, ಒಂದು ಕಾಲು ಹೊರಗೇ ಬಿಟ್ಟುಕೊಂಡು ಅರ್ಧ ಗಂಟೆ ಹಾಡಿಸಿದ. ಏನೂ ಆಗಲಿಲ್ಲ. "ನೋಡಿ ಸಾರ್, ಪರ್ಫೆಕ್ಟ್." ಸುಳ್ಳು ಹೇಳೋಕೆ ಪೆಟ್ರೋಲ್ ಸುಟ್ಟುಕೊಂಡು ಬಂದವನ ಹಾಗೆ ನಾನು ನಿಂತಿದ್ದೆ. ಆ ಹೊರಗಿದ್ದ ಕಾಲು ನೆನಪಿಟ್ಟುಕೊಳ್ಳಿ.

ಡಬ್ಬದ ಮೇಲೆ ಬೇರೆ ದಪ್ಪಕ್ಷರದಲ್ಲಿ 50 ವ್ಯಾಟ್ × 4 ಅಂತ ಬರೆದಿದ್ದಾರೆ. ಹಿಂದೆ ಇರೋ ಫ್ಯೂಸ್ 10 ಆಂಪಿಯರ್. ಎಂಜಿನ್ ಓಡುವಾಗ 14 ವೋಲ್ಟ್ ಅಂತಿಟ್ಟುಕೊಂಡರೂ ಒಳಗೆ ಹೋಗೋದೇ 140 ವ್ಯಾಟ್. ಹೊರಗೆ 200 ಎಲ್ಲಿಂದ ಬರುತ್ತೆ, ಗಾಳಿಯಿಂದಲಾ? ಸತತವಾಗಿ ಸಿಗೋದು ಒಂದು ಚಾನೆಲ್‌ಗೆ, ಅಂದರೆ ಒಂದು ಸ್ಪೀಕರ್ ಲೈನಿಗೆ, ಸುಮಾರು 20 ವ್ಯಾಟ್, ಅಷ್ಟೇ. ಸದ್ದು ಜೋರು ಮಾಡೋ ಒಳಗಿನ ಆಂಪ್ಲಿಫೈಯರ್ ಚಿಪ್ ತಿನ್ನೋ ಕರೆಂಟಿನಲ್ಲಿ ದೊಡ್ಡ ಪಾಲು ಶಾಖವಾಗೇ ಹೋಗುತ್ತೆ. ಹಾಗಾಗಿ ಅಷ್ಟಿಷ್ಟು ಬಿಸಿ ಸಹಜ, ಒಪ್ಪಿದೆ. ಕೈ ಸುಡೋದು ಸಹಜ ಅಲ್ಲ.

ಕೊನೆಗೆ ಒಂದು ಭಾನುವಾರ ಬ್ಯಾಟರಿಯ ಮೈನಸ್ ಕಳಚಿ ನಾನೇ ಯೂನಿಟ್ ಹೊರಗೆಳೆದೆ. ಹೊಟ್ಟೆ ಉರಿದು ಹೋಯಿತು. ಶಾಖ ಹೊರಗೆ ಬಿಡೋಕೆ ಅಂತಿರೋ ಹೀಟ್ ಸಿಂಕಿನ ಹಲ್ಲುಗಳಿಗೆ ಒತ್ತಿಕೊಂಡು ವೈರಿನ ಗಂಟು, ಲಟಲಟ ಅನ್ನಬಾರದು ಅಂತ ಅದಕ್ಕೆ ಸ್ಪಾಂಜ್, ಸ್ಪಾಂಜಿನ ಮೇಲೆ ಕಪ್ಪು ಟೇಪ್. ಗಾಳಿ ಆಡೋ ಜಾಗಕ್ಕೆ ಕಂಬಳಿ ಹೊದಿಸಿ ಬಿಸಿಲನ್ನು ಬೈತಾನೆ! ಎಲ್ಲ ಬಿಚ್ಚಿ ಪಕ್ಕಕ್ಕೆ ಕಟ್ಟಿದೆ. ಪುಣ್ಯಕ್ಕೆ ಸ್ವಲ್ಪ ತಗ್ಗಿತು. ಆದರೆ ಇಪ್ಪತ್ತು ನಿಮಿಷದ ಬದಲು ನಲವತ್ತಕ್ಕೆ ನಿಂತಿತು.

ಮತ್ತೆ ಬಿಚ್ಚಿದೆ. ಸ್ಪೀಕರ್ ಪ್ಲಗ್ ಕಿತ್ತಿಟ್ಟು, ಸದ್ದಿಲ್ಲದ ಸ್ಟೀರಿಯೋ ಹಾಕಿಕೊಂಡು ಒಂದು ಗಂಟೆ ಸುಮ್ನೆ ಸುತ್ತಾಡಿದೆ. ಉಗುರುಬೆಚ್ಚಗೆ, ಅಷ್ಟೇ. ಅಂದರೆ ಕಳ್ಳ ಸ್ಪೀಕರ್ ಕಡೆಯವನು. ಮಲ್ಟಿಮೀಟರ್ ಹಿಡಿದೆ. ನಾಲ್ಕು ಸ್ಪೀಕರೂ 4 ಓಮ್ ಆಸುಪಾಸು, ಸರಿಯಾಗೇ ಇವೆ, ಒಂದೇ ಚಾನೆಲ್‌ಗೆ ಎರಡನ್ನು ಜೋಡಿಸಿಲ್ಲ. ಇನ್ನು ಉಳಿದಿದ್ದು ಸ್ಪೀಕರ್ ವೈರ್ ಕಾರಿನ ತಗಡಿಗೆ ಎಲ್ಲಾದರೂ ತಾಗುತ್ತಿದೆಯಾ ಅನ್ನೋದು. ಈ ಯೂನಿಟ್‌ಗಳಲ್ಲಿ ಸ್ಪೀಕರಿನ ಮೈನಸ್ ಅಂದರೆ ಅರ್ತ್ ಅಲ್ಲ. ಅದರಲ್ಲೂ ಬ್ಯಾಟರಿಯ ಸುಮಾರು ಅರ್ಧ ವೋಲ್ಟೇಜ್ ಇರುತ್ತೆ. ತಗಡಿಗೆ ತಾಗಿತೋ, ಚಿಪ್ ಕಾದು ಕಾದು ತನ್ನ ಜೀವ ಉಳಿಸಿಕೊಳ್ಳೋಕೆ ಬಾಯಿ ಮುಚ್ಚುತ್ತೆ. ಮೀಟರಿನ ಒಂದು ತುದಿ ತಗಡಿಗೆ, ಇನ್ನೊಂದು ಒಂದೊಂದೇ ವೈರಿಗೆ; ತಾಗಿದ್ದರೆ ಮೀಟರ್ ಬೀ ಅನ್ನಬೇಕು. ಎಂಟಕ್ಕೆ ಎಂಟೂ ಸುಮ್ಮನಿದ್ದವು. ಅಳು ಬರೋದೊಂದು ಬಾಕಿ.

ಇನ್ನೊಂದು ಸುತ್ತು ನೋಡೋಣ ಅಂತ ಶುರು ಮಾಡಿದ್ದೆ. ಅಷ್ಟರಲ್ಲಿ ಮಳೆ ಹನಿಯಿತು. ಬಾಗಿಲು ಎಳೆದುಕೊಂಡೆ.

ಬೀ… ಬೀ… ಬೀಈಈ.

ತೆಗೆದೆ. ಸುಮ್ಮನಾಯಿತು. ಮುಚ್ಚಿದೆ. ಬೀ.

ಬಾಗಿಲಿನ ಸಂದಿಯಲ್ಲಿ ವೈರ್ ಹೋಗೋಕೆ ಅಂತಲೇ ಒಂದು ರಬ್ಬರ್ ಕೊಳವೆ ಇದೆ. ಮಹಾನುಭಾವ ಅದರೊಳಗೆ ತೂರಿಸೋ ಕಷ್ಟ ತಗೊಳ್ಳದೆ ಹೊರಗಿಂದಲೇ ಎಳೆದಿದ್ದಾನೆ. ಬಾಗಿಲು ಮುಚ್ಚಿದಾಗೆಲ್ಲ ತಗಡಿನ ಅಂಚು ವೈರನ್ನು ಕಚ್ಚಿದೆ. ಪ್ಲಾಸ್ಟಿಕ್ ಸುಲಿದು, ಕೂದಲಿನಷ್ಟು ತೆಳು ತಾಮ್ರದ ಎರಡು ಎಳೆ ಆಚೆ ಚಾಚಿದ್ದವು. ಅದರ ಎದುರಿಗೇ ಪೇಂಟ್ ಕೆರೆದು ಅಕ್ಕಿಕಾಳಿನಷ್ಟು ತಗಡು ಫಳಫಳ. ಅವನು ಬಾಗಿಲು ತೆಗೆದಿಟ್ಟು ಟೆಸ್ಟ್ ಮಾಡಿದರೆ ಪರ್ಫೆಕ್ಟ್ ಇರದೆ ಇನ್ನೇನಾಗುತ್ತೆ? ನಾನೂ ಒಂದು ಕಾಲು ಹೊರಗಿಟ್ಟುಕೊಂಡು ಕಾರು ಓಡಿಸಬೇಕಿತ್ತಾ?

ಹೊಸ ವೈರ್ ತಂದು ಕೊಳವೆಯೊಳಗಿಂದ ಎಳೆಯೋಕೆ ಎರಡು ಗಂಟೆ, ಕೈಯೆಲ್ಲ ತರಚು. ಈಗ ಎರಡು ವಾರ ಆಯಿತು, ದಿನಾ ಓಡಿಸುತ್ತಿದ್ದೇನೆ, ಒಂದು ಸಲವೂ ನಿಂತಿಲ್ಲ.

ಫೋನ್ ಮಾಡಿ ಎಲ್ಲ ಹೇಳಿದೆ. ಫೋಟೋ ಕೂಡ ಕಳಿಸಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಅಂದ: "ಬಾಗಿಲು ಸ್ವಲ್ಪ ಮೆಲ್ಲಗೆ ಹಾಕ್ಬೇಕು ಸಾರ್."